ಟಾಲ್‌ಸ್ಟಾಯ್ ಕಥೆಯ ಎರಡು ಮನೆಗಳು

ಅತಿಥಿಸತ್ಕಾರವನ್ನು ಹೊಗಳದ ಧರ್ಮವಿಲ್ಲ. ಆದರೆ ಹೊಗಳುವುದು ಸುಲಭ. ಮನೆಯಲ್ಲಿ ಒಂದೇ ತುಂಡು ರೊಟ್ಟಿ ಉಳಿದಿರುವ ರಾತ್ರಿ ಅಪರಿಚಿತನೊಬ್ಬನು ಒಳಗೆ ಬಂದು ನಿಂತಾಗ ಆ ಧರ್ಮದ ಗತಿಯೇನಾಗುತ್ತದೆಂಬುದನ್ನು ಉಳ್ಳದ್ದುಳ್ಳಂತೆ ತೋರಿಸುವುದು ಕಷ್ಟ. ರಷ್ಯದ ಮಹಾಲೇಖಕ ಲಿಯೋ ಟಾಲ್‌ಸ್ಟಾಯಿಯು (1828–1910) ಈ ಕಷ್ಟವಾದ ಕೆಲಸವನ್ನು ಒಂದು ಸಣ್ಣ ಕಥೆಯಲ್ಲಿ ಕೈಗೊಂಡನು. ‘ಜನರು ಯಾವುದರಿಂದ ಬಾಳುತ್ತಾರೆ’ ಎಂಬ ಅರ್ಥದ ಹೆಸರುಳ್ಳ ಆ ಕಥೆಯು 1881ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಮೊದಲು ಅಚ್ಚಾಯಿತು. ಅದಕ್ಕೆ ಎರಡು ವರ್ಷ ಹಿಂದೆ, 1879ರಲ್ಲಿ, ತನ್ನ ಮನೆಗೆ ಬಂದಿದ್ದ ಜಾನಪದ ಕಥೆಗಾರನೊಬ್ಬನ ಬಾಯಿಂದ ಅವನು ಇದರ ಮೂಲವನ್ನು ಕೇಳಿದ್ದನು. ಮಹಾಕಾದಂಬರಿಗಳನ್ನು ಬರೆದು ಕೀರ್ತಿ ಪಡೆದ ಲೇಖನಿಯು ಹಳ್ಳಿಯವರ ನುಡಿಗೆ ತನ್ನನ್ನು ಒಗ್ಗಿಸಿಕೊಂಡ ಕಾಲವದು.

ಕಥೆಯ ಹಂದರವು ಸರಳವಾದುದು. ಸೆಮ್ಯೋನನು ಜೋಡು ಹೊಲಿದು ಜೀವಿಸುವವನು. ಹೊಲವಿಲ್ಲ, ಸ್ವಂತ ಮನೆಯಿಲ್ಲ. ಚಳಿಗಾಲಕ್ಕೆ ಗಂಡಹೆಂಡಿರಿಬ್ಬರಿಗೂ ಇರುವುದು ಒಂದೇ ಕುರಿದೊಗಲಿನ ನಿಲುವಂಗಿ, ಅದೂ ಹರಿದಿದೆ. ಹೊಸ ತೊಗಲನ್ನು ಕೊಳ್ಳಲೆಂದು ಹೊರಟವನಿಗೆ ಬರಬೇಕಾದ ಸಾಲವು ಬರುವುದಿಲ್ಲ. ಕೈಗೆ ಸಿಕ್ಕಿದ 20 ಕೊಪೆಕ್ಕುಗಳನ್ನು ಕುಡಿದು ಕಳೆಯುತ್ತಾನೆ. ಮರಳುವ ದಾರಿಯಲ್ಲಿ, ಚಿಕ್ಕ ಪ್ರಾರ್ಥನಾಮಂದಿರದ ಗೋಡೆಗೊರಗಿ, ಚಳಿಯಲ್ಲಿ ಬತ್ತಲೆಯಾಗಿ ಕುಳಿತ ಯುವಕನೊಬ್ಬನನ್ನು ಕಾಣುತ್ತಾನೆ. ಸೆಮ್ಯೋನನು ಕೂಡಲೇ ಕರಗುವುದಿಲ್ಲ. ಕಳ್ಳನಿರಬಹುದು, ಕೊಲೆಯಾದವನಿರಬಹುದು, ತನಗೇಕೆ ಈ ತೊಡಕು ಎಂದುಕೊಂಡು ಮುಂದೆ ಹೋಗುತ್ತಾನೆ. ಸ್ವಲ್ಪ ದೂರ ನಡೆದ ಮೇಲೆ ಮನಸ್ಸು ಚುಚ್ಚುತ್ತದೆ. ಹಿಂದಿರುಗಿ ಬಂದು ತನ್ನ ಮೇಲಂಗಿಯನ್ನು ತೊಡಿಸಿ, ಅವನನ್ನು ಮನೆಗೆ ಕರೆತರುತ್ತಾನೆ. ದಯೆಯು ಭಯವಿಲ್ಲದವನಲ್ಲಿ ಹುಟ್ಟಿತೆಂದು ಹೇಳದೆ, ಭಯಪಟ್ಟವನು ಹಿಂದಿರುಗಿದನೆಂದು ಹೇಳಿದುದೇ ಈ ಕಥೆಯ ಮೊದಲನೆಯ ಸತ್ಯ.

ಇಲ್ಲಿಗೆ ದಾರಿಯ ದಯೆಯು ಮುಗಿದು ಮನೆಯ ದಯೆಯು ಮೊದಲಾಗುತ್ತದೆ. ದಾರಿಯಲ್ಲಿ ದಾನಮಾಡಿದವನು ಗಂಡಸು. ಆ ದಾನವನ್ನು ಅಡಿಗೆಮನೆಯಲ್ಲಿ ನಡೆಸಿಕೊಡಬೇಕಾದವಳು ಹೆಂಗಸು. ಹೆಂಡತಿಯಾದ ಮತ್ರ್ಯೋನಳು ಆ ಸಂಜೆಯಲ್ಲಿ ಉಳಿದ ರೊಟ್ಟಿಯನ್ನು ನೋಡಿ ಲೆಕ್ಕ ಹಾಕುತ್ತಿದ್ದಾಳೆ: ಹಿಟ್ಟು ಒಂದು ಬಾರಿ ಸುಡುವಷ್ಟೇ ಇದೆ, ಶುಕ್ರವಾರದವರೆಗೆ ಹೇಗಾದರೂ ತಳ್ಳಬೇಕು. ಅಷ್ಟರಲ್ಲಿ ಗಂಡನು ಬಾಯಿಯಲ್ಲಿ ಮದ್ಯದ ವಾಸನೆ ಹೊತ್ತು, ತೊಗಲಿಗೆ ಬದಲಾಗಿ ಒಂದು ಹೊಟ್ಟೆಯನ್ನು ಹೆಚ್ಚಾಗಿ ತಂದಿದ್ದಾನೆ. ಅವಳು ಸಿಡಿದೇಳುತ್ತಾಳೆ. ಸಾಮಾನ್ಯ ಲೇಖಕನಾಗಿದ್ದರೆ ಇವಳನ್ನು ಕಠಿಣಹೃದಯಳೆಂದು ಚಿತ್ರಿಸಿ, ಗಂಡನ ಔದಾರ್ಯವನ್ನು ಎತ್ತಿಹಿಡಿಯುತ್ತಿದ್ದನು. ಟಾಲ್‌ಸ್ಟಾಯಿಯು ಹಾಗೆ ಮಾಡಲಿಲ್ಲ. ಅವಳ ಕೋಪಕ್ಕೆ ತಕ್ಕ ಕಾರಣಗಳನ್ನೆಲ್ಲ ವಾಚಕರ ಕೈಗೆ ಮೊದಲೇ ಕೊಟ್ಟಿದ್ದಾನೆ. ಆದುದರಿಂದಲೇ, ನಿನ್ನಲ್ಲಿ ದೇವರಿಲ್ಲವೇ ಎಂಬ ಭಾವದ ಒಂದು ಮಾತನ್ನು ಗಂಡನು ಆಡಿದಾಗ ಅವಳ ಮನಸ್ಸು ತಿರುಗುವುದು ಅಷ್ಟು ಘನವಾಗಿ ತೋರುತ್ತದೆ. ಅವಳು ಕೊನೆಯ ರೊಟ್ಟಿಯನ್ನು ತೆಗೆದು ಮುಂದಿಡುತ್ತಾಳೆ. ತಾನು ತೇಪೆ ಹಾಕುತ್ತಿದ್ದ ಗಂಡನ ಹಳೆಯ ಅಂಗಿಯನ್ನೇ ಅತಿಥಿಗೆ ಕೊಡುತ್ತಾಳೆ. ಆ ರಾತ್ರಿ ರೊಟ್ಟಿ ಮುಗಿದುದನ್ನು ನೆನೆದು ಅವಳಿಗೆ ನಿದ್ರೆ ಬರುವುದಿಲ್ಲ. ಕೊಟ್ಟ ಮೇಲೂ ಚಿಂತೆ ಹೋಗಲಿಲ್ಲವೆಂಬ ಈ ಒಂದು ವಿವರವು ಹಲವು ಉಪದೇಶಗಳಿಗೆ ಸಮ.

ಬಂದವನ ಹೆಸರು ಮಿಖಾಯಿಲ. ಅವನು ಕೆಲಸ ಕಲಿತು ಆ ಮನೆಯಲ್ಲಿಯೇ ನಿಲ್ಲುತ್ತಾನೆ. ಅವನ ಕೈಗುಣದಿಂದ ಸೆಮ್ಯೋನನ ಸ್ಥಿತಿಯು ಉತ್ತಮವಾಗುತ್ತದೆ. ಒಂದು ವರ್ಷ ಬಾಳುವ ಬೂಟುಗಳನ್ನು ಹೊಲಿಯಲು ಹೇಳಿ ಅದೇ ದಿನ ಸಾಯುವ ಶ್ರೀಮಂತನ ಪ್ರಸಂಗವು ನಡುವೆ ಬರುತ್ತದೆ. ಕೊನೆಗೆ, ಆರು ವರ್ಷ ಕಳೆದ ಮೇಲೆ, ಅತಿಥಿಯು ದೇವದೂತನೆಂದು ಪ್ರಕಟವಾಗುತ್ತದೆ. ಆಗತಾನೆ ಅವಳಿಮಕ್ಕಳನ್ನು ಹೆತ್ತ ತಾಯಿಯೊಬ್ಬಳ ಪ್ರಾಣವನ್ನು ತರಲು ಕಳುಹಲ್ಪಟ್ಟವನು, ತಾಯಿಯಿಲ್ಲದೆ ಶಿಶುಗಳು ಬದುಕಲಾರವೆಂದು ಮರುಗಿ, ಅಪ್ಪಣೆಯನ್ನು ಮೀರಿದುದರಿಂದ ಭೂಮಿಗೆ ಬಿದ್ದವನು ಅವನು.

ಇಲ್ಲಿ ವಿಮರ್ಶಕನು ಎತ್ತಲೇಬೇಕಾದ ಆಕ್ಷೇಪವೊಂದಿದೆ. ಅತಿಥಿಗಳನ್ನು ಉಪಚರಿಸಿದ ಕೆಲವರು ತಮಗರಿಯದೆಯೇ ದೇವದೂತರನ್ನು ಉಪಚರಿಸಿದರೆಂಬ ಭಾವವು ಕ್ರೈಸ್ತರ ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿದೆ. ಅಬ್ರಹಾಮನು ಮೂವರು ದಾರಿಹೋಕರನ್ನು ಕರೆದು ಉಣಿಸಿದ ಪುರಾತನ ಕಥೆಯು ಅದರ ಹಿಂದಿದೆ. ಅತಿಥಿಯಲ್ಲಿ ದೇವರನ್ನು ಕಾಣಬೇಕೆಂಬ ಉಪನಿಷತ್ತಿನ ವಿಧಿಯನ್ನು ಕೇಳಿ ಬೆಳೆದವರಿಗೆ ಈ ಭಾವವು ಹೊಸದಲ್ಲ. ಆದರೆ ಬಂದವನು ನಿಜವಾಗಿಯೂ ದೇವದೂತನೇ ಆಗಿದ್ದರೆ, ಅವನಿಂದ ಮನೆಗೆ ಲಾಭವೂ ಒದಗಿದರೆ, ಆ ಸತ್ಕಾರದ ಮೌಲ್ಯವು ಸ್ವಲ್ಪ ತಗ್ಗುವುದಿಲ್ಲವೇ? ಬಂದವನು ಕೇವಲ ಕುಡುಕನೋ ಅಲೆಮಾರಿಯೋ ಆಗಿ, ಮರುದಿನ ಬೆಳಗ್ಗೆ ಮೇಲಂಗಿಯೊಡನೆ ಮಾಯವಾಗಿದ್ದರೆ ಮತ್ರ್ಯೋನಳ ರೊಟ್ಟಿಯು ವ್ಯರ್ಥವಾಯಿತೆನ್ನಬೇಕೇ?

ಈ ಆಕ್ಷೇಪಕ್ಕೆ ಉತ್ತರವು ಕಥೆಯೊಳಗೇ ಇದೆ. ಅದು ಎರಡನೆಯ ಮನೆಯಲ್ಲಿದೆ. ಆರು ವರ್ಷಗಳ ತರುವಾಯ ಹೆಂಗಸೊಬ್ಬಳು ಇಬ್ಬರು ಹುಡುಗಿಯರಿಗೆ ಜೋಡು ಹೊಲಿಸಲು ಬರುತ್ತಾಳೆ. ಒಬ್ಬಳ ಕಾಲು ಕುಂಟು. ಇವರೇ ಆ ಅವಳಿಗಳು. ತಂದೆಯು ಕಾಡಿನಲ್ಲಿ ಮರ ಬಿದ್ದು ಸತ್ತ ವಾರದಲ್ಲಿಯೇ ತಾಯಿಯೂ ಸತ್ತಳು. ಸಾಯುವಾಗ ಒಂದು ಮಗುವಿನ ಮೇಲೆ ಹೊರಳಿದುದರಿಂದ ಅದರ ಕಾಲು ನಜ್ಜುಗುಜ್ಜಾಯಿತು. ಊರಿನಲ್ಲಿ ಎಳೆಗೂಸುಳ್ಳ ಹೆಂಗಸು ಇವಳೊಬ್ಬಳೇ. ಅವಳ ಮಗನಿಗೆ ಆಗ ಎಂಟು ವಾರ. ಏನಾದರೊಂದು ಏರ್ಪಾಡಾಗುವವರೆಗೆ ಇಟ್ಟುಕೊಂಡಿರೆಂದು ಊರವರು ಕೇಳಿಕೊಂಡರು. ಅವಳು ಮೊದಲು ಗಟ್ಟಿಯಾದ ಮಗುವಿಗೆ ಮಾತ್ರ ಹಾಲೂಡಿದಳು. ಕಾಲು ಮುರಿದುದು ಬದುಕಲಾರದೆಂದು ಅದಕ್ಕೆ ಕೊಡಲಿಲ್ಲ. ಆಮೇಲೆ ಅದರ ಮೇಲೂ ಮರುಕ ಹುಟ್ಟಿ ಮೂವರಿಗೂ ಹಾಲು ಕೊಟ್ಟಳು. ಎರಡನೆಯ ವರ್ಷದಲ್ಲಿ ಅವಳ ಸ್ವಂತ ಮಗನು ಸತ್ತನು, ಮತ್ತೆ ಮಕ್ಕಳಾಗಲಿಲ್ಲ. ಸಾಕಿದವರು ಉಳಿದರು.

ಈ ಪುಟಗಳಲ್ಲಿ ಮಾಟವೂ ಇಲ್ಲ, ಮಹಿಮೆಯೂ ಇಲ್ಲ. ಬಂದವು ದೇವದೂತರಲ್ಲ, ಹಸಿದ ಕೂಸುಗಳು. ಸಾಕಿದವಳೂ ಮಹಾತ್ಮಳಲ್ಲ, ಮತ್ರ್ಯೋನಳು ರೊಟ್ಟಿಯನ್ನು ಎಣಿಸಿದಂತೆ ಇವಳು ಹಾಲನ್ನು ಎಣಿಸಿದಳು. ಇಬ್ಬರೂ ಎಣಿಸಿದ ಮೇಲೆ ಎಣಿಕೆಯನ್ನು ಬಿಟ್ಟರು. ಮೊದಲನೆಯ ಮನೆಯ ಪರೀಕ್ಷೆಯು ಒಂದು ಸಂಜೆಯದು. ಎರಡನೆಯ ಮನೆಯದು ಆರು ವರ್ಷದ್ದು. ದಿನದಿನವೂ ಹಾಲೂಡಿ, ಬಟ್ಟೆಯೊಗೆದು, ಕುಂಟುವ ಕಾಲಿಗೆ ತಕ್ಕ ಜೋಡನ್ನು ಹೊಲಿಸುವ ಈ ಪೋಷಣೆಗೆ ಕಥೆಯಲ್ಲಿ ಬೆಳಕಿನ ಕಂಬವು ಎದ್ದು ನಿಲ್ಲುವುದಿಲ್ಲ. ಆದರೂ ಮಿಖಾಯಿಲನು ಕಲಿಯಬೇಕಾದ ಕೊನೆಯ ಪಾಠವನ್ನು ಕಲಿತುದು ಇವಳ ಮುಖವನ್ನು ನೋಡಿಯೇ. ತಾಯಿಯಿಲ್ಲದೆ ಶಿಶುಗಳು ಉಳಿಯವೆಂದು ಸ್ವರ್ಗದವನು ತಿಳಿದಿದ್ದನು. ಉಳಿಯುವುವೆಂದು ನೆರೆಮನೆಯವಳು ತೋರಿಸಿಕೊಟ್ಟಳು. ದೇವದೂತನು ಇಲ್ಲಿ ಗುರುವಲ್ಲ, ಶಿಷ್ಯನು. ಕಥೆಯ ಶಿಲ್ಪದಲ್ಲಿ ಇದಕ್ಕಿಂತ ಮೇಲಾದ ಅಂಶವಿಲ್ಲ.

ದೋಷವೂ ಉಂಟು. ಮಾಡು ತೆರೆದು ದೂತನು ಮೇಲೇರುವ ಮೊದಲು ಮಾಡುವ ದೀರ್ಘ ಉಪನ್ಯಾಸವು, ವಾಚಕರು ತಾವೇ ಮುಟ್ಟಿದ ಅರ್ಥವನ್ನು ಬಿಡಿಸಿ ಬಿಡಿಸಿ ಹೇಳುತ್ತದೆ. ಜಾನಪದ ಕಥೆಗೆ ಅಂತಹ ಮುಕ್ತಾಯವು ಸಲ್ಲುವುದೆಂದು ಸಮರ್ಥಿಸಬಹುದು. ಆದರೆ ಜೋಡಿನ ಅಂಗಡಿಯಲ್ಲಿ ಕುಳಿತು ಹೆಂಗಸು ತನ್ನ ಮಾತಿನಲ್ಲಿ ಹೇಳಿದ ಕಥನದ ಪಕ್ಕದಲ್ಲಿ ಅದು ಮಂಕಾಗುತ್ತದೆ. ಟಾಲ್‌ಸ್ಟಾಯಿಗೂ ಇದು ಹೊಳೆದಿದ್ದರೆ ಆಶ್ಚರ್ಯವಿಲ್ಲ. 1885ರಲ್ಲಿ ಅವನು ಬರೆದ ಮತ್ತೊಂದು ಕಥೆಯಲ್ಲಿ, ಜೋಡು ಹೊಲಿಯುವ ಮಾರ್ತಿನನು ಕ್ರಿಸ್ತನ ಬರವನ್ನು ದಿನವೆಲ್ಲ ಕಾಯುತ್ತಾನೆ. ಬರುವವರು ಹಿಮ ಗುಡಿಸುವ ಮುದುಕ, ಕೂಸನ್ನೆತ್ತಿದ ಸೈನಿಕನ ಹೆಂಡತಿ, ಸೇಬು ಮಾರುವ ಮುದುಕಿ. ಅವರು ಕಡೆಯವರೆಗೂ ಮನುಷ್ಯರಾಗಿಯೇ ಉಳಿಯುತ್ತಾರೆ. ಅವರಿಗೆ ಮಾಡಿದ ಉಪಚಾರವೇ ಕ್ರಿಸ್ತನಿಗೆ ಮುಟ್ಟಿತೆಂಬುದು ಮಾರ್ತಿನನಿಗೆ ತಿಳಿಯುತ್ತದೆ. ಆದರೆ ಆ ಮಾರ್ತಿನನು ಒಂಟಿಗನು. ಹಂಚಿಕೊಡುವ ರೊಟ್ಟಿಗೆ ಅವನು ಯಾರ ಒಪ್ಪಿಗೆಯನ್ನೂ ಪಡೆಯಬೇಕಾಗಿರಲಿಲ್ಲ.

ಅದೇ 1881ರ ಕಥೆಯ ಹೆಚ್ಚುಗಾರಿಕೆ. ಸತ್ಕಾರವೆಂಬುದು ಒಬ್ಬನ ಉದಾರಬುದ್ಧಿಯಿಂದ ನಡೆಯತಕ್ಕುದಲ್ಲ, ಒಂದು ಸಂಸಾರವು ಕೂಡಿ ಕಲಿಯತಕ್ಕುದು ಎಂಬುದನ್ನು ಅದು ಬಲ್ಲುದು. ಕರೆತಂದವನ ಪುಣ್ಯಕ್ಕಿಂತ, ಬಡಿಸಿದವಳ ಪುಣ್ಯವು ಅದರಲ್ಲಿ ಕಡಮೆಯಾಗಿ ತೂಗುವುದಿಲ್ಲ. ಅತಿಥಿಯ ವೇಷದೊಳಗೆ ಯಾರಿದ್ದಾರೆಂದು ವಿಚಾರಿಸಿ ಬಾಗಿಲು ತೆರೆಯುವ ಮನೆಯು ಬಹುಕಾಲ ಕಾಯಬೇಕಾದೀತು. ಹಸಿದವನನ್ನು ಹಸಿದವನೆಂದೇ ತಿಳಿದು ಉಣಿಸಿದ ಮನೆಗೆ ಆ ವಿಚಾರಣೆಯು ಬೇಕಿಲ್ಲ.