ಟರ್ಬೊ ಕೊಳ್ಳುವ ಮೊದಲು

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿಂದ ಲ್ಯಾಮಿಂಗ್ಟನ್ ರಸ್ತೆ ಹಿಡಿದು ಒಪೆರಾ ಹೌಸ್ ಕಡೆ ನಡೆದರೆ ವಾಹನಗಳ ಬಿಡಿಭಾಗದ ಅಂಗಡಿಗಳು. ಇನ್ನೊಂದು ದಿಕ್ಕಿನ ಚೋರ್ ಬಜಾರಿನಲ್ಲಿ ಹಳೆಯ ಗಾಡಿಗಳಿಂದ ಕಳಚಿದ ಮಾಲು. ಟರ್ಬೊ ಹೋಯಿತೆಂದು ಈ ಬೀದಿಗಳಿಗೆ ಬಂದವರು ಬೆಲೆ ಕೇಳುತ್ತಾರೆ, ಹೊಸದೋ ರೀಕಂಡಿಷನ್ನೋ ಎಂದು ವಿಚಾರಿಸುತ್ತಾರೆ. ಹಳೆಯದು ಯಾಕೆ ಹೋಯಿತೆಂದು ಕೇಳುವವರು ಕಡಿಮೆ. ಕಾರಣ ಹುಡುಕದೆ ಕೂರಿಸಿದ ಟರ್ಬೊ ಅದೇ ರೋಗಕ್ಕೆ ಮತ್ತೆ ಬಲಿಯಾಗುತ್ತದೆ.

ಟರ್ಬೊ ತಾನಾಗಿ ಕೆಡುವುದು ಅಪರೂಪ. ಬಹುಪಾಲು ಅದನ್ನು ಕೊಲ್ಲುವುದು ಆಯಿಲಿನ ಕೊರತೆ, ಇಲ್ಲವೇ ಆಯಿಲಿನ ಕೊಳೆ. ಎಂಜಿನ್ ಉಗುಳುವ ಬಿಸಿ ಹೊಗೆಯಿಂದಲೇ ಚಕ್ರ ತಿರುಗಿಸಿ, ಗಾಳಿಯನ್ನು ಒತ್ತಿ ಒಳತುಂಬುವುದೇ ಟರ್ಬೊ ಕೆಲಸ; ಈ ಉಪಾಯಕ್ಕೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಷಿ 1905ರಲ್ಲಿ ಪೇಟೆಂಟ್ ಪಡೆದ. ಇಂದಿನ ಸಣ್ಣ ಕಾರುಗಳ ಟರ್ಬೊ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತು ತಿರುಗಬಲ್ಲದು. ಆ ವೇಗದಲ್ಲಿ ಶಾಫ್ಟಿಗೂ ಬೇರಿಂಗಿಗೂ ನಡುವೆ ಇರುವುದು ಆಯಿಲಿನ ತೆಳುಪೊರೆ ಮಾತ್ರ!

ಊರಿಗೆ ಹೊರಟ ನಮ್ಮವರು ಖೋಪೋಲಿಯಿಂದ ಬೋರ್ ಘಾಟಿಯನ್ನು ಒಂದೇ ಉಸಿರಿಗೆ ಹತ್ತಿ, ಲೋಣಾವಳದಲ್ಲಿ ಚಿಕ್ಕಿ ಕೊಳ್ಳಲು ನಿಂತಕೂಡಲೇ ಎಂಜಿನ್ ಆರಿಸುತ್ತಾರೆ. ಅಲ್ಲೇ ಕೇಡು. ಎಂಜಿನ್ ನಿಂತರೆ ಆಯಿಲ್ ಹರಿವೂ ನಿಂತಿತು. ಕಾದ ಟರ್ಬೈನಿನ ಬಿಸಿ ಮಾತ್ರ ಬೇರಿಂಗಿನತ್ತ ಇಳಿಯುತ್ತಲೇ ಇರುತ್ತದೆ; ಅಲ್ಲಿ ಉಳಿದ ಆಯಿಲ್ ಸುಟ್ಟು ಕರಿಯಾಗಿ ಗಟ್ಟಿಕಟ್ಟುತ್ತದೆ. ಒಂದು ನಿಮಿಷ ಐಡಲಿನಲ್ಲಿ ಬಿಟ್ಟು ಆಮೇಲೆ ಆರಿಸಿ. ನಾನಾ ಚೌಕದ ಟ್ರಾಫಿಕ್ಕಿನಲ್ಲಿ ತೆವಳಿ ಮನೆ ಸೇರಿದವರಿಗೆ ಈ ಕಾಯುವಿಕೆ ಬೇಕಿಲ್ಲ, ಆ ನಿಧಾನದಲ್ಲೇ ಟರ್ಬೊ ತಣಿದಿರುತ್ತದೆ. ಆದರೆ ಊರೊಳಗಿನ ಚಿಕ್ಕ ಓಡಾಟದಲ್ಲಿ ಕಿಲೋಮೀಟರ್ ಏರದಿದ್ದರೂ ಆಯಿಲ್ ಹಾಳಾಗುತ್ತದೆ. ಬದಲಿಸಲು ಕಿಲೋಮೀಟರಿನ ಜೊತೆ ತಿಂಗಳ ಲೆಕ್ಕವನ್ನೂ ನೋಡಿ.

ನೀಲಿ ಹೊಗೆ ಕಂಡಾಕ್ಷಣ ಟರ್ಬೊ ಬಿಚ್ಚಿಸಬೇಡಿ. ಆಯಿಲ್ ಹಿಂತಿರುಗುವ ಪೈಪ್ ಅಥವಾ ಎಂಜಿನ್ನಿನ ಬ್ರೀದರ್ ಕಟ್ಟಿಕೊಂಡಿದ್ದರೂ ಆಯಿಲ್ ಸೀಲ್ ದಾಟಿ ಬರುತ್ತದೆ. ಟರ್ಬೊ ಬದಲಿಸಲೇಬೇಕಾದರೆ ಆಯಿಲ್ ಒಳತರುವ ಪೈಪನ್ನೂ ಹೊಸದು ಹಾಕಿಸಿ. ಹಳೆಯದರೊಳಗೆ ಅದೇ ಕರಿ ಕಟ್ಟಿರುತ್ತದೆ. ಹೊಸ ಪೈಪಿನ ಜೋಡಣೆಗೆ ಸಿಲಿಕಾನ್ ಪೇಸ್ಟ್ ಹಚ್ಚಲು ಬಿಡಲೇಬೇಡಿ, ಕಿತ್ತುಬಂದ ಒಂದು ಚೂರು ದಾರಿ ಮುಚ್ಚಿದರೆ ಹೊಸ ಟರ್ಬೊ ಅಂದೇ ಹೋದೀತು. ಸ್ಟಾರ್ಟ್ ಮಾಡುವ ಮುನ್ನ ಬೇರಿಂಗಿಗೆ ಹೊಸ ಆಯಿಲ್ ಹಾಕಿ ಶಾಫ್ಟನ್ನು ಕೈಯಿಂದ ತಿರುಗಿಸಬೇಕು.

ಹಳೆಯ ಮಾಲು ಕೊಳ್ಳುವವರು ಶಾಫ್ಟ್ ಅಲುಗಾಡಿಸಿ ನೋಡಿ. ಅಕ್ಕಪಕ್ಕಕ್ಕೆ ಅಲ್ಪ ಆಡಿದರೆ ಚಿಂತೆಯಿಲ್ಲ. ಹಿಂದೆಮುಂದೆ ಕೈಗೆ ತಿಳಿಯುವಷ್ಟು ಆಡಿದರೆ, ರೆಕ್ಕೆಗಳು ಗೂಡಿಗೆ ಉಜ್ಜಿದ ಗುರುತಿದ್ದರೆ, ಎಷ್ಟೇ ಅಗ್ಗವಾದರೂ ಬೇಡ.