ಹನ್ನೆರಡು ಕೈಗಳು ಮತ್ತು ಸಂತೆಯ ಬಾಗಿಲು

ವಿ. ಶಾಂತಾರಾಮ್ ಅವರು 1957ರಲ್ಲಿ ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ತಾವೇ ವಹಿಸಿದ ‘ದೋ ಆಂಖೇಂ ಬಾರಹ್ ಹಾಥ್’ ಎಂಬ ಹಿಂದಿ ಚಿತ್ರವನ್ನು ಅಹಿಂಸೆಯ ವಿಜಯಗಾಥೆಯೆಂದು ಕೊಂಡಾಡುವುದು ರೂಢಿ. ರಾಷ್ಟ್ರಪತಿಗಳ ಸ್ವರ್ಣಪದಕವೂ 1958ರ ಬರ್ಲಿನ್ ಚಿತ್ರೋತ್ಸವದ ರಜತ ಕರಡಿಯೂ ಅದಕ್ಕೆ ಸಂದವು. ಅದರ ಪ್ರಾರ್ಥನಾಗೀತೆ ಇಂದಿಗೂ ಶಾಲೆಗಳಲ್ಲಿ ಕೇಳಿಬರುತ್ತದೆ. ಇಷ್ಟಾದರೂ ಈ ಹೊಗಳಿಕೆ ಚಿತ್ರದ ಅರ್ಧವನ್ನು ಮಾತ್ರ ಕಂಡದ್ದೆಂದು ಹೇಳದೆ ಗತ್ಯಂತರವಿಲ್ಲ.

ಕಥೆ ಸರಳವಾದುದು. ಆರು ಮಂದಿ ಕೊಲೆಪಾತಕಿಗಳನ್ನು ಒಬ್ಬ ತರುಣ ಜೈಲು ಅಧಿಕಾರಿ ಸೆರೆಮನೆಯಿಂದ ಹೊರತಂದು, ಪಾಳುಬಿದ್ದ ಹೊಲವೊಂದರಲ್ಲಿ ತನ್ನೊಡನೆ ದುಡಿಸುತ್ತಾನೆ. ಬೇಡಿಯಿಲ್ಲ, ಬಂದೂಕಿಲ್ಲ. ಅಧಿಕಾರಿಯ ಹೆಸರು ಆದಿನಾಥ. ಪ್ರಜೆಗಳಿಗೆ ಕೃಷಿಯನ್ನು ಕಲಿಸಿದಾತನೆಂದು ನಾವು ಪ್ರಥಮ ತೀರ್ಥಂಕರರನ್ನು ನೆನೆಯುವವರು. ಕೈಗೆ ಗುದ್ದಲಿಯಿತ್ತು ಮನುಷ್ಯರನ್ನು ತಿದ್ದುವ ಪಾತ್ರಕ್ಕೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ. ಇದು ಬರಿಯ ಕಲ್ಪನೆಯೂ ಅಲ್ಲ. ಸ್ವಾತಂತ್ರ್ಯಪೂರ್ವದ ಔಂಧ್ ಸಂಸ್ಥಾನದಲ್ಲಿ ನಡೆದ ಸ್ವತಂತ್ರಪುರವೆಂಬ ಬಯಲು ಬಂದೀಖಾನೆಯ ಪ್ರಯೋಗವೇ ಈ ಚಿತ್ರಕ್ಕೆ ಮೂಲಪ್ರೇರಣೆ.

ನನ್ನ ಮೊದಲ ಆಕ್ಷೇಪ ಶೀರ್ಷಿಕೆಯಲ್ಲಿರುವ ಆ ಎರಡು ಕಣ್ಣುಗಳ ಬಗ್ಗೆ. ಆರೂ ಮಂದಿ ಓಡಿಹೋಗುತ್ತಾರೆ. ಆದಿನಾಥನ ಕಣ್ಣುಗಳ ನೆನಪೇ ಅವರನ್ನು ಮರಳಿ ಸೆಳೆಯುತ್ತದೆ. ನೋಡುವವರ ಎದೆ ತುಂಬಿಬರುತ್ತದೆ, ನಿಜ. ಆದರೆ ಇಲ್ಲಿ ಕೈದಿಗಳಿಗೆ ದೊರೆತದ್ದು ಒಬ್ಬ ಪುಣ್ಯಾತ್ಮನ ಕೃಪೆಯೇ ಹೊರತು ಹಕ್ಕಲ್ಲ. ಆದಿನಾಥನಂಥ ಅಧಿಕಾರಿ ಸಿಕ್ಕದ ಸೆರೆಮನೆಯಲ್ಲಿ ಏಳನೆಯವನ ಗತಿಯೇನು? ಚಿತ್ರ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಮನುಷ್ಯನು ನಾಗರಿಕನಾಗಿ ಮರಳುವುದು ಮತ್ತೊಬ್ಬನ ದೃಷ್ಟಿಯ ಅಂಕೆಯಲ್ಲಿ ಅಲ್ಲ. ಯಾರೂ ನೋಡದಿರುವಾಗಲೂ ಅವನಿಗೆ ಸಲ್ಲುವ ಸ್ಥಾನವೊಂದಿರಬೇಕು.

ಚಿತ್ರದ ನಿಜವಾದ ಬಲವಿರುವುದು ಸಂತೆಯ ಭಾಗದಲ್ಲಿ. ಕೈದಿಗಳು ಬೆಳೆದ ತರಕಾರಿಯನ್ನು ನ್ಯಾಯವಾದ ಬೆಲೆಗೆ ಮಾರಲು ಹೋಗುತ್ತಾರೆ. ಲಾಭ ತಗ್ಗಿದ ವ್ಯಾಪಾರಿ ಅವರ ಮೇಲೆ ತನ್ನ ಆಳುಗಳನ್ನು ಬಿಡುತ್ತಾನೆ. ಕೈಯೆತ್ತುವುದಿಲ್ಲವೆಂದು ಮಾತು ಕೊಟ್ಟ ಕೊಲೆಗಾರರು ಪೆಟ್ಟು ತಿಂದು ನಿಲ್ಲುತ್ತಾರೆ. ಕೊನೆಗೆ ಹೊಲವನ್ನು ಹಾಳುಮಾಡಲು ನುಗ್ಗಿಸಿದ ಗೂಳಿಯನ್ನು ತಡೆಯುತ್ತ ಆದಿನಾಥ ಪ್ರಾಣ ಬಿಡುತ್ತಾನೆ. ಗಮನಿಸಿ: ಈ ಆರು ಜನರಿಗೆ ಅಡ್ಡ ನಿಂತದ್ದು ಸರ್ಕಾರವಲ್ಲ, ನ್ಯಾಯಾಲಯವಲ್ಲ. ಎಂದೂ ಜೈಲು ಕಾಣದ, ಊರಿನಲ್ಲಿ ಮರ್ಯಾದೆಯುಳ್ಳ ಒಬ್ಬ ವರ್ತಕ. ನಮ್ಮ ಸಮಾಜದಲ್ಲಿ ವ್ಯಾಪಾರದ ಮನೆತನಗಳೇ ಹೆಚ್ಚಾಗಿರುವುದರಿಂದ ಈ ಭಾಗವನ್ನು ನಾವು ಬೇರೆಯವರಿಗಿಂತ ಹೆಚ್ಚು ಎಚ್ಚರದಿಂದ ನೋಡಬೇಕಾಗಿದೆ.

ನಮ್ಮ ದೇಶದ ಕಾನೂನನ್ನು ನೋಡಿದರೂ ಇದೇ ಅನಿಸಿಕೆ. ಶಿಕ್ಷೆಯಾದ ಮಾತ್ರಕ್ಕೆ ಭಾರತದಲ್ಲಿ ಯಾರ ಪೌರತ್ವವೂ ಹೋಗುವುದಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 62(5)ನೆಯ ಕಲಮಿನಂತೆ ಸೆರೆಯಲ್ಲಿರುವಷ್ಟು ಕಾಲ ಮತ ಹಾಕುವಂತಿಲ್ಲ. ಬಿಡುಗಡೆಯಾದ ದಿನವೇ ಆ ಹಕ್ಕು ಸದ್ದಿಲ್ಲದೆ ಮರಳುತ್ತದೆ. ಇದು ಉದಾರವಾದುದೇ. ಆದರೆ ಅದೇ ಕಲಮು ಅಪರಾಧ ಸಾಬೀತಾಗದ ವಿಚಾರಣಾಧೀನ ಕೈದಿಗಳಿಗೂ ಅನ್ವಯಿಸುತ್ತದೆ. 2022ರ ಸರ್ಕಾರಿ ಅಂಕಿಅಂಶಗಳ ಪ್ರಕಾರ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ಇಂಥವರು. ಜಾಮೀನಿನ ಹಣ ಹೊಂದಿಸಬಲ್ಲವನು ಹೊರಗೆ ಬಂದು ಮತ ಹಾಕುತ್ತಾನೆ, ಹೊಂದಿಸಲಾರದವನು ಒಳಗೇ ಉಳಿಯುತ್ತಾನೆ. ಇನ್ನೂ ವಿಚಿತ್ರವೆಂದರೆ, 2013ರ ತಿದ್ದುಪಡಿಯ ತರುವಾಯ ವಿಚಾರಣಾಧೀನ ಕೈದಿ ಚುನಾವಣೆಗೆ ನಿಲ್ಲಬಹುದು, ಮತ ಹಾಕಬಾರದು! 2024ರಲ್ಲಿ ಇಬ್ಬರು ಸೆರೆಯಲ್ಲಿದ್ದುಕೊಂಡೇ ಲೋಕಸಭೆಗೆ ಆರಿಸಿಬಂದರು.

ಬಿಡುಗಡೆಯ ಅನಂತರದ ಮಾತೇ ಬೇರೆ. ಮತಗಟ್ಟೆ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬಾಡಿಗೆ ಮನೆ, ಕೂಲಿ, ಅಂಗಡಿಯ ಕೆಲಸ ಬಿಟ್ಟುಕೊಳ್ಳುವುದಿಲ್ಲ. ಇಂಗ್ಲೆಂಡಿನಲ್ಲಿ 1974ರ ಕಾಯಿದೆಯೊಂದು, ಸಣ್ಣ ಶಿಕ್ಷೆ ಮುಗಿದು ನಿಗದಿತ ಕಾಲ ತಪ್ಪಿಲ್ಲದೆ ಬದುಕಿದವನ ಹಳೆಯ ಅಪರಾಧವನ್ನು ಮುಗಿದುಹೋದದ್ದೆಂದು ಎಣಿಸುತ್ತದೆ. ನಮ್ಮಲ್ಲಿ ಬಾಲಾಪರಾಧಿಗಳಿಗೆ 2015ರ ಬಾಲನ್ಯಾಯ ಕಾಯಿದೆಯ ರಕ್ಷಣೆ ಉಂಟು. ಶಿಕ್ಷೆ ಅನುಭವಿಸಿ ಬಂದ ವಯಸ್ಕರಿಗೆ ಅಂಥ ಸಾಮಾನ್ಯ ಶಾಸನವಿಲ್ಲ.

ಇಲ್ಲಿ ಒಂದು ಪ್ರತಿವಾದವನ್ನು ತಳ್ಳಿಹಾಕಲಾಗದು. 2013ರಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದುದನ್ನು ಯಾವ ಟ್ರಸ್ಟಿನವರೂ ಮರೆತಿಲ್ಲ. ಭಂಡಾರದ ಬೀಗದ ಕೈಯನ್ನು ಕಳ್ಳತನದಲ್ಲಿ ಸಿಕ್ಕಿಬಿದ್ದವನಿಗೆ ಒಪ್ಪಿಸಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಭಂಡಾರದ ಕೀಲಿಕೈ ಒಂದು, ಭೋಜನಶಾಲೆಯ ಪಾತ್ರೆ ತೊಳೆಯುವ ಕೆಲಸ ಇನ್ನೊಂದು. ಅಪರಾಧಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ನೋಡದೆ, ‘ಜೈಲಿಗೆ ಹೋಗಿ ಬಂದವನು’ ಎಂಬ ಒಂದೇ ಮಾತಿನಿಂದ ಎಲ್ಲ ಬಾಗಿಲುಗಳನ್ನೂ ಮುಚ್ಚುವುದು ಎಚ್ಚರಿಕೆಯಲ್ಲ. ನ್ಯಾಯಾಲಯ ವಿಧಿಸದ ಎರಡನೆಯ ಶಿಕ್ಷೆ. ಕೊಲೆಯಾದವನ ಮನೆಯವರ ದುಃಖ ಚಿತ್ರದಲ್ಲಿ ಹಿನ್ನೆಲೆಗೆ ಸರಿದಿದೆಯೆಂಬುದೂ ಒಂದು ಕೊರತೆಯೇ. ಆ ದುಃಖಕ್ಕೆ ಗೌರವ ಸಲ್ಲಲೇಬೇಕು. ಆದರೆ ಬಿಡುಗಡೆಯಾದವನು ಹಸಿದಿರುವುದರಿಂದ ಆ ಗೌರವ ಹೆಚ್ಚುವುದಿಲ್ಲ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುತ್ತದೆ. ಆಲೋಚನೆಯಿಂದ ಮೊದಲಾಗುವ ಆ ಪಟ್ಟಿಯಲ್ಲಿ ಎಂಟನೆಯದು ಪರಿಹಾರ, ಎಂದರೆ ತಪ್ಪಿದ ಮುನಿಯನ್ನು ಕೆಲಕಾಲ ಸಂಘದಿಂದ ದೂರವಿಡುವುದು. ಸೂತ್ರಕಾರರು ಅಲ್ಲಿಗೆ ನಿಲ್ಲಿಸಲಿಲ್ಲ. ಒಂಬತ್ತನೆಯದು ಉಪಸ್ಥಾಪನೆ, ಮರಳಿ ದೀಕ್ಷೆಯಿತ್ತು ಸೇರಿಸಿಕೊಳ್ಳುವುದು. ಮುನಿಸಂಘಕ್ಕೆ ಹೇಳಿದ ವಿಧಿಯನ್ನು ರಾಜ್ಯದ ಕಾನೂನಿಗೆ ಹಾಗೆಯೇ ಹೊಂದಿಸಲು ಬರುವುದಿಲ್ಲವಾದರೂ, ದೂರವಿಡುವುದಕ್ಕೆ ಅವಧಿಯಿದೆ, ಅದರ ಆಚೆ ಮರಳುವ ದಾರಿಯಿದೆ ಎಂಬ ಆ ಕ್ರಮವನ್ನು ನಮ್ಮ ನೇಮಕಾತಿಯ ಕಾಗದಪತ್ರಗಳಲ್ಲಿ ಹುಡುಕಿದರೆ ಸಿಕ್ಕುವುದು ದುರ್ಲಭ.

ಆದಿನಾಥ ಸತ್ತ ಮೇಲೆ ಆ ಆರು ಮಂದಿ ಬೆಳೆದ ತರಕಾರಿ ಮತ್ತೆ ಅದೇ ಸಂತೆಗೆ ಹೋಗಲೇಬೇಕಲ್ಲ. ಅಲ್ಲಿ ತಕ್ಕಡಿ ಹಿಡಿದು ಕುಳಿತವರು ಅದನ್ನು ಕೊಂಡರೋ ಇಲ್ಲವೋ ಎಂಬುದನ್ನು ಶಾಂತಾರಾಮರು ತೋರಿಸಿದ್ದರೆ, ಚಿತ್ರ ಇನ್ನಷ್ಟು ದೊಡ್ಡದಾಗುತ್ತಿತ್ತು.