ಬೀದರಿನಲ್ಲಿ ಅಗ್ಗದ ವಸತಿ: ಬಾಡಿಗೆಯೊಂದೇ ಅಳತೆಯಲ್ಲ

ಕೋಟೆ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗುಮ್ಮಟಗಳನ್ನು ನೋಡಲು ಬೀದರಿಗೆ ಹೊರಟವರು ವಸತಿಯ ಬಗ್ಗೆ ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: ರಾತ್ರಿಗೆ ಎಷ್ಟು? ಈ ಅಳತೆ ಸಾಲದು. ಕೋಣೆ ಊರಾಚೆ ಇದ್ದರೆ ಬಾಡಿಗೆಯಲ್ಲಿ ಉಳಿಸಿದ್ದು ಆಟೋಕ್ಕೂ ಹೋಟೆಲ್ ಊಟಕ್ಕೂ ಹೋಗುತ್ತದೆ. ಆರುನೂರು ಮೀಟರಿಗೂ ಮೀರಿದ ಎತ್ತರದ ಬಯಲು ನಾಡಿದು. ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ಚಳಿ ಗಟ್ಟಿ. ತೆಳ್ಳಗಿನ ಚಾದರ ಕೊಟ್ಟು, ಬೆಳಗ್ಗೆ ಬಕೆಟ್ ಬಿಸಿನೀರಿಗೆ ಕಾಯಿಸುವ ಲಾಡ್ಜು ಎಷ್ಟು ಕಡಿಮೆ ದರದ್ದಾದರೂ ಮಕ್ಕಳೊಂದಿಗೆ ಬಂದವರಿಗೆ ದುಬಾರಿಯೇ. ಊಟ, ನೀರು, ಹೊದಿಕೆ, ಓಡಾಟ, ಧೈರ್ಯ ಇವೆಲ್ಲ ಸೇರಿದ ಮೇಲೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಬೇಕು.

ಹಾಗೆ ಲೆಕ್ಕ ಹಾಕುವುದನ್ನು ಕಲಿಸುವ ಮಾದರಿ ಇದೇ ಊರಿನಲ್ಲಿದೆ. ಗುರುನಾನಕರು ಚಿಲುಮೆ ತೋರಿಸಿದರೆಂದು ಸಿಖ್ಖರು ನಂಬುವ ನಾನಕ್ ಝೀರಾ ಗುರುದ್ವಾರದಲ್ಲಿ ಯಾತ್ರಿಕರಿಗೆ ತಂಗುವ ಕೋಣೆಗಳಿವೆ, ಪಕ್ಕದಲ್ಲೇ ಉಚಿತ ಊಟದ ಲಂಗರ್ ಇದೆ. ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಿನಲ್ಲಿ ಕುಳಿತವರ ತಟ್ಟೆಗೆ ರೊಟ್ಟಿ, ದಾಲ್ ಬೀಳುವಾಗ ನೀನು ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ಹಾಸಿಗೆಯನ್ನು ಅನ್ನದಿಂದ ಬೇರ್ಪಡಿಸದ ವ್ಯವಸ್ಥೆಯಿದು. 1472ರ ಮದರಸಾದಲ್ಲೂ ಅದೇ ತಿಳಿವಳಿಕೆ ಕಾಣುತ್ತದೆ: ಅಂಗಳದ ಸುತ್ತ ಪಾಠದ ಹಜಾರಗಳಿದ್ದಂತೆ ವಿದ್ಯಾರ್ಥಿಗಳು, ಗುರುಗಳು ಉಳಿಯುವ ಕೋಣೆಗಳೂ ಇದ್ದವು. ದೂರದಿಂದ ಬಂದವನಿಗೆ ಮಲಗುವ ಜಾಗವಿಲ್ಲದೆ ಓದು ಸಾಗದೆಂಬುದು ಗವಾನನಿಗೆ ಗೊತ್ತಿತ್ತು. ಇದೇ ಜಿಲ್ಲೆಯ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಕನ್ನಡ ಶಾಲೆಯನ್ನು ಕಟ್ಟಿದ್ದನ್ನು ಎಲ್ಲರೂ ನೆನೆಯುತ್ತಾರೆ. ಹಳ್ಳಿಯ ಬಡ ಮಕ್ಕಳಿಗೆ ಅವರು ನಡೆಸಿದ ಉಚಿತ ಪ್ರಸಾದ ನಿಲಯವನ್ನೂ ಅಷ್ಟೇ ಗೌರವದಿಂದ ನೆನೆಯಬೇಕು. ಅದಿಲ್ಲದಿದ್ದರೆ ಆ ಶಾಲೆಗೆ ಎಷ್ಟು ಮಕ್ಕಳಿಗೆ ಬರಲಾಗುತ್ತಿತ್ತು?

ಇಷ್ಟೆಲ್ಲ ಇರುವಾಗ ಸರ್ಕಾರ ಮತ್ತೇನು ಮಾಡಬೇಕು ಎಂದು ಕೇಳುವವರಿದ್ದಾರೆ. ಆದರೆ ಗುರುದ್ವಾರವೂ ಮಠವೂ ಭಕ್ತರ ಸೇವೆಯಿಂದ ನಡೆಯುವಂಥವು. ಅವನ್ನು ಅಗ್ಗದ ಲಾಡ್ಜೆಂದು ಬಳಸಿಕೊಂಡರೆ ಯಾತ್ರಿಕನ ಜಾಗವನ್ನು ಪ್ರವಾಸಿ ಕಿತ್ತುಕೊಂಡಂತಾಗುತ್ತದೆ. ಬೀದರಿನ ಸರ್ಕಾರಿ ಬ್ರಿಮ್ಸ್ ಆಸ್ಪತ್ರೆಯಲ್ಲಿ ರೋಗಿಯನ್ನಿಟ್ಟು ರಾತ್ರಿ ಕಳೆಯಬೇಕಾದ ಮನೆಮಂದಿಗೆ, ಪರೀಕ್ಷೆಗೆಂದು ಒಬ್ಬಳೇ ಬಂದ ಹುಡುಗಿಗೆ, ಭಕ್ತಿಯ ನೆಪವಿಲ್ಲದೆಯೂ ಹಕ್ಕಾಗಿ ಒಂದು ಮಂಚ ಸಿಗಬೇಕು. ಕಡಿಮೆ ದರದಲ್ಲಿ ಲಾಡ್ಜು ನಡೆಯದು ಎಂಬ ಮಾಲೀಕರ ಮಾತಿನಲ್ಲಿ ಹುರುಳಿದೆ: ಜಾತ್ರೆಗೆ ತುಂಬಿದ ಕೋಣೆ ಮಳೆಗಾಲಕ್ಕೆ ಖಾಲಿ ಬೀಳಬಹುದು, ಸಂಬಳ, ಕರೆಂಟ್ ಬಿಲ್ ನಿಲ್ಲುವುದಿಲ್ಲ. ಆದ್ದರಿಂದಲೇ ಈ ಹೊರೆಯನ್ನು ಮಾಲೀಕನೊಬ್ಬನ ಮೇಲೆ ಹಾಕದೆ ಜಿಲ್ಲಾಡಳಿತವೂ ಹೊರಬೇಕು ಎನ್ನುತ್ತೇನೆ.

ಇಂಥ ವಸತಿಯನ್ನೆಲ್ಲ ಬೀದರ್ ನಗರದಲ್ಲೇ ಕಟ್ಟಿದರೂ ಸಾಲದು. ಜಿಲ್ಲೆಯ ತಾಲೂಕು ಕೇಂದ್ರಗಳಲ್ಲಿ ಭಾಲ್ಕಿಗೆ ರೈಲಿದೆ, ಔರಾದಕ್ಕೆ ಬಸ್ಸೇ ಗತಿ. ಔರಾದದ ಅಮರೇಶ್ವರನ ದರ್ಶನ ಮುಗಿಸಿದವರು ಕತ್ತಲಾಗುವ ಮೊದಲೇ ಬೀದರಿನ ಬಸ್ ಹಿಡಿಯಬೇಕಾದರೆ, ಅವರ ಪ್ರವಾಸದ ಖರ್ಚೂ ನಗರದ ಪಾಲಾಗುತ್ತದೆ, ಔರಾದದ ಅಂಗಡಿ, ಖಾನಾವಳಿಗಳಿಗೆ ಏನೂ ಉಳಿಯದು. ಬಸ್ ಸ್ಟ್ಯಾಂಡಿನ ಹತ್ತಿರ, ಹೆಂಗಸರಿಗೆ ಬೇರೆ ಸಾಲು, ಗಟ್ಟಿ ಚಿಲಕ, ಎರಡು ಕಂಬಳಿ, ಬಾಗಿಲಲ್ಲಿ ಬರೆದಿಟ್ಟ ದರಪಟ್ಟಿ: ಇಷ್ಟಿರುವ ಹತ್ತು ಕೋಣೆಗಳನ್ನು ಎರಡೂ ತಾಲೂಕು ಕೇಂದ್ರಗಳಲ್ಲಿ ಕಟ್ಟಿಸಿ, ಅಡುಗೆಯನ್ನು ಊರಿನ ಸ್ವಸಹಾಯ ಗುಂಪುಗಳಿಗೆ ವಹಿಸುವುದು ಜಿಲ್ಲಾಡಳಿತದ ಕೈಮೀರಿದ ಕೆಲಸವೇನಲ್ಲ.